ಕಟ್ಟಳೆ ಮನೆಯ ಸೊಸೆ

ಬಹಳ ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಮಣಿಕಲ್ಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಮಾಂತ್ರಿಕರಿಗೆ ಬರವಿರಲಿಲ್ಲ. ಬೀದಿಗೊಬ್ಬ ಇದ್ದ. ಒಬ್ಬ ತನ್ನ ಹಿತ್ತಲಿಗೆ ಮಳೆ ಕರೆದರೆ, ಪಕ್ಕದ ಮನೆಯವನು ಒಣಹಾಕಿದ ಹಪ್ಪಳ ನೆನೆಯಿತೆಂದು ಸಿಟ್ಟಿಗೆದ್ದು ಬಿಸಿಲು ಕರೆಯುತ್ತಿದ್ದ. ಜಗಳ ಬೆಳೆದರೆ ಇಬ್ಬರೂ ಒಬ್ಬರನ್ನೊಬ್ಬರು ಕಪ್ಪೆ ಮಾಡಿಕೊಂಡು ಹೆಂಡಿರ ಕೈಗೆ ಸಿಗುತ್ತಿದ್ದರು.

ಹೀಗೇ ಬಿಟ್ಟರೆ ರಾಜ್ಯದಲ್ಲಿ ಕಪ್ಪೆಗಳೇ ಉಳಿಯುತ್ತವೆ ಎಂದು ಹಿಂದಿನವರು ಒಂದು ಏರ್ಪಾಡು ಮಾಡಿದ್ದರು. ರಾಜಧಾನಿಯ ಹೊರಗೆ, ಹೊಳೆಯ ದಂಡೆಯ ಬಯಲಿನಲ್ಲಿ ಒಂದು ದೊಡ್ಡ ಹಾಸುಗಲ್ಲು. ಅದರ ಮೇಲೆ ಇಡೀ ರಾಜ್ಯವನ್ನು ಕೊರೆದಿದ್ದರು. ಬೆರಳುದ್ದದ ಗುಡ್ಡ, ದಾರದಷ್ಟು ಹೊಳೆ, ಬೊಗಸೆಯಲ್ಲಿ ಹಿಡಿಯುವಷ್ಟು ಊರುಗಳು, ಊರುಗಳಲ್ಲಿ ಕಡಲೆಕಾಳಿನಷ್ಟು ಜನ. ಜಗಳವಿದ್ದ ಮಾಂತ್ರಿಕರು ಹಾಸಿನ ಆಚೆಗೊಬ್ಬ ಈಚೆಗೊಬ್ಬ ಕೂರಬೇಕು. ತಾನು ಏನು ಮಾಡುತ್ತೇನೆಂದು ಹೇಳಿ ದಾಳ ಎಸೆಯಬೇಕು. ದಾಳ ಎಷ್ಟು ಬಿತ್ತೋ ಮಂತ್ರಕ್ಕೆ ಅಷ್ಟು ಬಲ. ಹಾಸಿನ ಮೇಲೆ ಆದದ್ದು ನಿಜವಾದ ಊರಿನಲ್ಲೂ ಆಗುತ್ತಿತ್ತು. ಇದಕ್ಕೆ ಮಂತ್ರದಾಟ ಎಂದು ಹೆಸರು.

ಆಟವೆಂದ ಮೇಲೆ ಕಟ್ಟಳೆ ಬೇಕು. ಕಟ್ಟಳೆಯೆಲ್ಲ ಒಂದು ಕಡತದಲ್ಲಿತ್ತು. ಕಪ್ಪು ಬಟ್ಟೆಯ ಮಡಿಕೆ ಮಡಿಕೆಯ ಆ ಕಡತದಲ್ಲಿ ಬಳಪದಲ್ಲಿ ಬರೆದ ಸಾಲುಗಳು ಬಹಳ ಇರಲಿಲ್ಲ. ಮಂತ್ರವನ್ನು ಅದೇ ದಿನ ಮುಂಜಾನೆ ಕಲಿತಿರಬೇಕು. ಒಂದು ಸಲ ಆಡಿದರೆ, ಅರ್ಧ ಆಡಿ ನಿಲ್ಲಿಸಿದರೂ, ಮರುದಿನದವರೆಗೆ ಅದು ನೆನಪಿನಿಂದ ಹೋಯಿತು. ಮಂತ್ರಕ್ಕೆ ಬಾಯಿಂದ ಮಾತು, ಕೈಯಿಂದ ಮುದ್ರೆ, ಜೋಳಿಗೆಯಿಂದ ಒಂದು ವಸ್ತು, ಈ ಮೂರೂ ಬೇಕು. ಹೊಡೆಮಂತ್ರವನ್ನು ಒಮ್ಮೆ ಬಿಟ್ಟರೆ ಮುಗಿಯಿತು; ಹಿಡಿಮಂತ್ರವನ್ನಾದರೆ ಪೂರ್ತಿ ಮನಸ್ಸು ಕೊಟ್ಟು ಹಿಡಿದುಕೊಂಡೇ ಇರಬೇಕು, ಮನಸ್ಸು ಸರಿದರೆ ಮಂತ್ರವೂ ಬೀಳುತ್ತದೆ. ಹೆಚ್ಚುಕಡಿಮೆ ಇಷ್ಟೇ. ಆದರೆ ಮಾಂತ್ರಿಕರನ್ನು ನೀವು ಕಂಡಿಲ್ಲ. ಇಷ್ಟು ಸಾಲಿನಲ್ಲಿ ಅವರು ಮುನ್ನೂರು ತಕರಾರು ತೆಗೆಯಬಲ್ಲರು.

ಅದಕ್ಕೇ ಹಾಸಿನ ತಲೆಯ ಕಡೆ ಕಟ್ಟಳೆಯವಳು ಕೂರುತ್ತಿದ್ದಳು. ಅವಳಿಗೆ ದೀಪ ಹಚ್ಚುವಷ್ಟು ಮಂತ್ರವೂ ಬರುತ್ತಿರಲಿಲ್ಲ, ಬರಕೂಡದು. ಆದರೆ ಕಡತಕ್ಕೆ ಅವಳು ಹೇಳಿದ್ದೇ ಅರ್ಥ. ಮಂತ್ರಕ್ಕೆ ಕಟ್ಟಳೆ ಗೊತ್ತಿಲ್ಲ ನೋಡಿ, ಅದು ಅವಳ ಮಾತನ್ನು ಕೇಳಿ ನಡೆಯುತ್ತದೆ. ಅವಳು ನೆಟ್ಟಗೆ ಹೇಳಿದರೂ ನಡೆಯುತ್ತದೆ, ಸೊಟ್ಟಗೆ ಹೇಳಿದರೂ ನಡೆಯುತ್ತದೆ. ಒಮ್ಮೆ ಹೇಳಿದ್ದು ಆ ಗಳಿಗೆಯಿಂದ ಎಲ್ಲರಿಗೂ ಅನ್ವಯ. ಯಾರಾದರೂ ಕೇಳುವವರೆಗೆ ಮಾತ್ರ ಅವಳು ಬಾಯಿ ಬಿಡುವಂತಿಲ್ಲ.

ಈ ಕೆಲಸ ಒಂದೇ ಮನೆತನದ್ದು, ಅದೂ ಅತ್ತೆಯಿಂದ ಸೊಸೆಗೆ ಬರತಕ್ಕದ್ದು. ಹೆತ್ತ ಮಕ್ಕಳ ತಪ್ಪನ್ನು ಯಾವ ತಾಯಿಯೂ ನೆಟ್ಟಗೆ ತಿದ್ದುವುದಿಲ್ಲ, ಸೊಸೆಯ ತಪ್ಪನ್ನಾದರೆ ಒಂದೂ ಬಿಡುವುದಿಲ್ಲ, ಹಾಗಾಗಿ ವಿದ್ಯೆ ಚೆನ್ನಾಗಿ ಹತ್ತುತ್ತದೆ ಎಂದು ಹಿರಿಯರ ಲೆಕ್ಕಾಚಾರ.

ನಮ್ಮ ಕತೆಯ ಕಾಲಕ್ಕೆ ಆ ಜಾಗದಲ್ಲಿ ಕೂತಿದ್ದವಳು ದೇಮವ್ವ. ನಲವತ್ತೆರಡು ವರ್ಷ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಬೆನ್ನು ಮಾತ್ರ ಗೋಡೆಗೆ ಒರಗಿದ್ದನ್ನು ಯಾರೂ ನೋಡಿರಲಿಲ್ಲ. ಅವಳಿಗೆ ಕಲಿಸಿದ ಅತ್ತೆ ಸಾಂತಜ್ಜಿಗೆ ಈಗ ಕಣ್ಣು ಕಾಣದು. ಆದರೂ ಪ್ರತಿ ಆಟಕ್ಕೂ ಬಂದು ಸೊಸೆಯ ಹಿಂದೆ ಚಾಪೆ ಹಾಕಿಸಿಕೊಂಡು ಕೂರುತ್ತಿದ್ದಳು. ಅಲ್ಲಿಂದ ಒಂದು ಮಾತೂ ಆಡುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಊಟ ಮುಗಿಯುವವರೆಗೆ ಆಡುತ್ತಿದ್ದಳು.

ಆ ಮನೆಯಲ್ಲಿ ಒಂದು ನೋವಿತ್ತು. ಹನ್ನೆರಡು ವರ್ಷದ ಹಿಂದೆ ಧೂಮ್ರಕೇಶನೆಂಬ ಮಾಂತ್ರಿಕ ಹೊಳೆಯಾಚೆಯ ಕೆಂದಾವರೆ ಎಂಬ ಊರನ್ನು ಕಲ್ಲು ಮಾಡಿದ್ದ. ತನಗೆ ಕೂರಲು ಮಣೆ ಕೊಡಲಿಲ್ಲವೆಂಬುದೇ ಕಾರಣ. ಮುನ್ನೂರು ಜನ ನಿಂತಲ್ಲೇ ಕೂತಲ್ಲೇ ಕಲ್ಲಾದರು. ದೇಮವ್ವನ ಗಂಡ ಸಂಗಯ್ಯ ಬಳೆಗಾರ. ಅವನು ಅಂದು ಬಳೆಯ ಮಲಾರ ಹೊತ್ತು ಆ ಊರಿಗೆ ಹೋಗಿದ್ದ. ಯಾರೋ ಹೆಣ್ಣುಮಗಳ ಕೈಗೆ ಬಳೆ ಏರಿಸುತ್ತ ಜಗಲಿಯ ಮೇಲೆ ಕೂತವನು ಹಾಗೇ ಕಲ್ಲಾಗಿದ್ದ. ದೇಮವ್ವ ವಾರಕ್ಕೊಮ್ಮೆ ಹೊಳೆ ದಾಟಿ ಹೋಗಿ ಅವನ ಮುಖದ ಧೂಳು ಒರೆಸಿ, ಮನೆಯ ಸುದ್ದಿ ಹೇಳಿ ಬರುತ್ತಿದ್ದಳು. ಅದು ಹೊಡೆಮಂತ್ರ, ಮುಗಿದುಹೋದ ಮಂತ್ರ, ಇನ್ನು ಬಿಡಿಸಲಾಗದು ಎಂದು ರಾಜ್ಯದ ಮಾಂತ್ರಿಕರೆಲ್ಲ ಕೈಚೆಲ್ಲಿದ್ದರು. ಮಾಡಿದವನು ಒಬ್ಬನೇ ಬಿಡಿಸಬಲ್ಲ ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಆ ಧೂಮ್ರಕೇಶನೇ ಅರಮನೆಯ ಬಾಗಿಲಿಗೆ ಬಂದ. ಹೆಸರಿಗೆ ತಕ್ಕಂತೆ ಅವನ ತಲೆಯಿಂದ ಕೂದಲಿನ ಬದಲು ಹೊಗೆ ಏಳುತ್ತಿತ್ತು. ಭುಜದ ಮೇಲೆ ಒಂದು ಮೈನಾ.

“ರಾಜಾ, ಮೂರು ಸುತ್ತಿನ ಆಟ,” ಎಂದ. “ಸುತ್ತಿಗೊಂದು ಆಪತ್ತನ್ನು ನಿನ್ನ ರಾಜಧಾನಿಯ ಮೇಲೆ ಬಿಡ್ತೀನಿ. ನಿನ್ನವರು ತಡೆದರೆ ಸುತ್ತು ನಿಮ್ಮದು. ಎರಡು ಸುತ್ತು ಗೆದ್ದರೆ ಕೆಂದಾವರೆಯ ಜನರನ್ನ ಬಿಟ್ಟುಬಿಡ್ತೀನಿ. ಸೋತರೆ ರಾಜಧಾನಿಯೂ ಕಲ್ಲು. ನನಗೆ ಕಲ್ಲಿನ ಅರಮನೆಯಲ್ಲಿ ಇರಬೇಕು ಅಂತ ಆಸೆಯಾಗಿದೆ.”

ರಾಜ ಚೆಲುವರಾಯ ಒಳ್ಳೆಯವನು, ಸ್ವಲ್ಪ ಅವಸರದವನು. ಮುನ್ನೂರು ಜನರ ಸಲುವಾಗಿ ಒಪ್ಪಿಬಿಟ್ಟ. ಒಪ್ಪಿದ ಮೇಲೆ ಅವನಿಗೆ ಒಂದು ಅನುಮಾನ ಬಂತು. “ಕಟ್ಟಳೆ ಹೇಳುವವಳ ಗಂಡನೇ ನಿನ್ನ ಕಲ್ಲುಗಳಲ್ಲಿ ಒಬ್ಬ. ಅವಳ ಮಾತನ್ನು ನೀನು ಒಪ್ತೀಯಾ?”

ಧೂಮ್ರಕೇಶ ನಕ್ಕುಬಿಟ್ಟ. “ಆ ಮನೆತನದವರಿಗೆ ಎಷ್ಟು ಜಂಬ ಅಂತ ನನಗೆ ಗೊತ್ತು. ಗಂಡನ ಸಲುವಾಗಿ ಸೊಟ್ಟ ಮಾತಾಡಿದಳು ಅನ್ನಿಸಿಕೊಳ್ಳೋದಕ್ಕಿಂತ ಅವಳು ಹೊಳೆಗೆ ಹಾರ್ತಾಳೆ. ಅವಳ ಜಂಬವೇ ನನಗೆ ಜಾಮೀನು.”

ಈ ಮಾತು ದೇಮವ್ವನ ಕಿವಿಗೆ ಬಿತ್ತು. ಕೋಪ ಬಂತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲವಲ್ಲ ಎಂದು ಇನ್ನೂ ಕೋಪ ಬಂತು.

ಮರುದಿನ ಬೆಳಿಗ್ಗೆ ಬಯಲಿನ ತುಂಬ ಜನ. ರಾಜ್ಯದ ಕಡೆಯಿಂದ ಆಡಲು ಕೂತವನು ಬೊಪ್ಪಣ್ಣ. ದಪ್ಪ ಮನುಷ್ಯ, ಎರಡು ಮಂತ್ರ ಹೇಳಿದರೆ ಒಂದು ಚೊಂಬು ಮಜ್ಜಿಗೆ ಬೇಕು, ಆದರೆ ಅವನಷ್ಟು ಮಂತ್ರ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ.

ಮೊದಲನೆಯ ಸುತ್ತು ಶುರುವಾದ ಕೂಡಲೇ ಬೊಪ್ಪಣ್ಣ ಜಾಣತನ ಮಾಡಿದ. ದಾಳ ಎಸೆದು ಧೂಮ್ರಕೇಶನ ಗಂಟಲಿಗೇ ಬೀಗ ಹಾಕಿದ. ದಾಳದಲ್ಲಿ ಹನ್ನೆರಡು ಬಿತ್ತು. ಧೂಮ್ರಕೇಶ ಬಾಯಿ ತೆರೆದರೆ ಗಾಳಿಯೂ ಬರಲಿಲ್ಲ. ಬಾಯಿಲ್ಲದವನು ಮಂತ್ರ ಹೇಗೆ ಹೇಳುತ್ತಾನೆ? ಜನ ಕೇಕೆ ಹಾಕಿದರು.

ಆಗ ಅವನ ಭುಜದ ಮೇಲಿನ ಮೈನಾ ಕತ್ತು ಎತ್ತಿ ತಾನೇ ಮಂತ್ರ ಹೇಳಿತು. ಒಂದು ಕಾಲನ್ನು ಎತ್ತಿ ಮುದ್ರೆ ಹಿಡಿಯಿತು. ಕೊಕ್ಕಿನಲ್ಲಿದ್ದ ರಾಗಿಕಾಳನ್ನು ಹಾಸಿನ ಮೇಲೆ ಉದುರಿಸಿತು. ಕೂಡಲೇ ಮೂರು ತಲೆಯ ಹದ್ದೊಂದು ಆಕಾಶದಿಂದ ಇಳಿದು ಅರಮನೆಯ ಬಂಗಾರದ ಕಳಶವನ್ನು ಕಿತ್ತುಕೊಂಡು ಹೋಯಿತು.

“ಕಟ್ಟಳೆ ಕೇಳ್ತೀನಿ!” ಎಂದು ಬೊಪ್ಪಣ್ಣ ಎದ್ದು ನಿಂತ. “ಅವ್ವಾ, ಹಕ್ಕಿ ಮಂತ್ರ ಹೇಳೋದು ಎಲ್ಲಾದರೂ ಉಂಟಾ? ಇದು ಮೋಸ.”

ಕಟ್ಟಳೆಯವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ತೀರ್ಪು ಹೇಳುವ ಮುಂಚೆ ಇವನ ವಾದವನ್ನು ಅವನ ಬಾಯಲ್ಲಿ, ಅವನ ವಾದವನ್ನು ಇವನ ಬಾಯಲ್ಲಿ ಹೇಳಿಸಬೇಕು. “ಹೌದು, ನನ್ನ ಮಾತು ಅದೇ” ಎಂದು ಎದುರಾಳಿ ತಲೆದೂಗುವವರೆಗೆ ಬಿಡಬಾರದು. ಅರ್ಧ ಜಗಳಗಳು ಅಲ್ಲೇ ಮುಗಿಯುತ್ತಿದ್ದವು, ಎದುರಾಳಿಯ ಮಾತನ್ನು ನೆಟ್ಟಗೆ ಹೇಳಬೇಕಾದರೆ ಮೊದಲು ಕೇಳಿಸಿಕೊಳ್ಳಬೇಕಲ್ಲ.

ದೇಮವ್ವ ಧೂಮ್ರಕೇಶನ ಗಂಟಲ ಬೀಗ ಬಿಡಿಸಿದಳು, ಆಟ ನಿಂತಿದ್ದಾಗ ಅದು ಅವಳ ಅಧಿಕಾರ. ಅವನು ಬೊಪ್ಪಣ್ಣನ ವಾದ ಹೇಳಿದ. ಬೊಪ್ಪಣ್ಣ ಅವನ ವಾದವನ್ನು ಮೂಗು ಮುರಿಯುತ್ತ ಹೇಳಿದ: ಆಡುವವನು ಮನುಷ್ಯನೇ ಆಗಿರಬೇಕೆಂದು ಕಡತದಲ್ಲಿಲ್ಲ, ಬಾಯಿ, ಕೈ, ವಸ್ತು ಇದ್ದರೆ ಸಾಕು.

“ಈ ಮೈನಾ ಮಂತ್ರವನ್ನ ಯಾವಾಗ ಕಲೀತು?” ದೇಮವ್ವ ಕೇಳಿದಳು.

“ಇವತ್ತು ಬೆಳಿಗ್ಗೆ, ನನ್ನ ಜೊತೆ. ದಿನಾ ಕಲಿಯತ್ತೆ,” ಎಂದ ಧೂಮ್ರಕೇಶ.

ದೇಮವ್ವ ಮೈನಾದ ಹತ್ತಿರ ಹೋಗಿ, “ಎಲ್ಲಿ, ಆ ಮಂತ್ರ ಇನ್ನೊಂದು ಸಲ ಹೇಳಮ್ಮಾ,” ಎಂದಳು. ಮೈನಾ ಕೊಕ್ಕು ತೆರೆಯಿತು, ಮುಚ್ಚಿತು, ಪೆಚ್ಚಾಗಿ ಕೂತಿತು. ಮಂತ್ರ ಅದರ ನೆನಪಿನಿಂದ ಹೋಗಿತ್ತು.

“ಹಾಗಾದರೆ ಇದೂ ನಮ್ಮ ಬೊಪ್ಪಣ್ಣನ ಹಾಗೇ ಒಬ್ಬ ಮಾಂತ್ರಿಕ,” ಎಂದಳು ದೇಮವ್ವ. “ಬೆಳಿಗ್ಗೆ ಎದ್ದು ಕಲಿತಿದೆ, ಆಡಿ ಕಳಕೊಂಡಿದೆ. ಕಷ್ಟಪಟ್ಟು ಕಲಿತವರನ್ನ ರೆಕ್ಕೆ ಇದೆ ಅಂತ ಹೊರಗಿಡೋಕೆ ಆಗಲ್ಲ. ಮಂತ್ರ ಸರಿ. ಸುತ್ತು ಧೂಮ್ರಕೇಶನದು.”

ಬಯಲಿನಲ್ಲಿ ಗದ್ದಲವೆದ್ದಿತು. “ಗಂಡ ಅಲ್ಲಿ ಕಲ್ಲಾಗಿ ಕೂತಿದ್ದಾನೆ, ಇವಳಿಗೆ ಹಕ್ಕಿಯ ಮೇಲೆ ಕನಿಕರ!” ಎಂದು ಮಜ್ಜಿಗೆ ಮಾರುವವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ದೇಮವ್ವ ಬಂದು ತನ್ನ ಜಾಗದಲ್ಲಿ ಕೂತಳು. ಆ ತೀರ್ಪನ್ನು ಮತ್ತೆ ಹೇಳೆಂದರೆ ಅದನ್ನೇ ಹೇಳುತ್ತಿದ್ದಳು.

ಎರಡನೆಯ ಸುತ್ತು. ಬೊಪ್ಪಣ್ಣ ಒಂದು ಚೊಂಬು ಮಜ್ಜಿಗೆ ಕುಡಿದು ಕೂತ. ಧೂಮ್ರಕೇಶ ಗಾಜಿನ ಆನೆಯನ್ನು ಕರೆಯುತ್ತೇನೆಂದ. ಅದಕ್ಕೆ ಹಿಡಿ ಹುತ್ತದ ಮಣ್ಣು ಬೇಕು. ಬೊಪ್ಪಣ್ಣ ಮಂತ್ರ ಹಾಕಿ ಒಂದು ಇಲಿಯನ್ನು ಬಿಟ್ಟ, ಇಲಿ ಧೂಮ್ರಕೇಶನ ಜೋಳಿಗೆಯ ತಳ ಕಡಿಯಿತು, ಮಣ್ಣೆಲ್ಲ ಸುರಿದು ಹೊಳೆಗೆ ಹೋಯಿತು. ಧೂಮ್ರಕೇಶ ಕಂಗೆಡಲಿಲ್ಲ. ಜೋಳಿಗೆಯ ಮೂಲೆಯಲ್ಲಿ ಉಳಿದಿದ್ದ ಒಂದು ಕಾಳು ಕೊಟ್ಟು, ಇನ್ನೊಂದು ಚಿಕ್ಕ ಮಂತ್ರ ಹೇಳಿ ಕೂತಲ್ಲೇ ಹಿಡಿ ಮಣ್ಣು ಹುಟ್ಟಿಸಿದ. ಆ ಮಣ್ಣನ್ನೇ ಕೊಟ್ಟು ಆನೆಯನ್ನು ಕರೆದ.

ಗಾಜಿನ ಆನೆ ಬಂತು. ಬೆಟ್ಟದಷ್ಟು ದೊಡ್ಡದು. ಅದರ ಹೊಟ್ಟೆಯ ಆಚೆ ಸೂರ್ಯ ಕಾಣುತ್ತಿದ್ದ. ಅದು ನಡೆದರೆ ಊರಿನ ಪಾತ್ರೆಗಳೆಲ್ಲ ಕಣಕಣ ಎನ್ನುತ್ತಿದ್ದವು. ಕೋಟೆಯ ಬಾಗಿಲಿಗೆ ಹಣೆ ಒಡ್ಡಿತು.

“ಕಟ್ಟಳೆ ಕೇಳ್ತೀನಿ!” ಎಂದ ಬೊಪ್ಪಣ್ಣ. ಆನೆ ಹಣೆ ಒಡ್ಡಿದಂತೆಯೇ ನಿಂತಿತು.

ಇವನ ವಾದ ಅವನು ಹೇಳಿದ, ಅವನ ವಾದ ಇವನು ಹೇಳಿದ. ಮಣ್ಣು ಮಣ್ಣೇ, ಎಲ್ಲಿಂದ ಬಂದರೇನು ಎಂಬುದು ಧೂಮ್ರಕೇಶನ ವಾದ. ದೇಮವ್ವ ಕಡತ ಬಿಡಿಸಿದಳು. ಮಣ್ಣು ಎಲ್ಲಿಂದ ಬರಬೇಕೆಂದು ಅದರಲ್ಲಿ ಇರಲಿಲ್ಲ. ಕಡತ ಸುಮ್ಮನಿದ್ದಾಗ, ಆ ಕಟ್ಟಳೆಯನ್ನು ಮಾಡಿದವರು ಯಾಕೆ ಮಾಡಿದರೆಂದು ಕೇಳಿಕೋ ಎಂದು ಅತ್ತೆ ಕಲಿಸಿದ್ದಳು. ಅದನ್ನು ಕಲಿಸುವಾಗ ಅಡುಗೆಮನೆಯಲ್ಲಿ ಎಷ್ಟು ಸಲ ಬೈದಿದ್ದಳೆಂಬುದು ಇಲ್ಲಿ ಬೇಡ.

“ವಸ್ತು ಯಾಕೆ ಬೇಕು?” ಎಂದಳು ದೇಮವ್ವ. “ಆನೆ ಕರೆಯೋವನು ಹುತ್ತದವರೆಗೂ ನಡೀಬೇಕು, ಬಗ್ಗಬೇಕು, ಮಣ್ಣು ತುಂಬಿಕೊಂಡು ಹೊತ್ತು ತರಬೇಕು. ಅಷ್ಟು ದೂರ ಹೋಗಿ ಬರೋದರೊಳಗೆ, ಈ ಆನೆ ನನಗೆ ಬೇಕಾ ಅಂತ ಒಂದು ಸಲ ಯೋಚನೆ ಮಾಡಲಿ ಅಂತ. ಕೂತಲ್ಲೇ ಹುಟ್ಟಿಸಿದ ಮಣ್ಣಿಗೆ ಆ ನಡಿಗೆಯೂ ಇಲ್ಲ, ಯೋಚನೆಯೂ ಇಲ್ಲ. ಮಂತ್ರದಿಂದ ಹುಟ್ಟಿದ ವಸ್ತು ಮಂತ್ರಕ್ಕೆ ಸಲ್ಲದು.”

ಅವಳು ಹೇಳಿ ಮುಗಿಸಿದ್ದೇ ತಡ, ಆನೆ ಚೂರುಚೂರಾಯಿತು. ಈಗ ಅದೇ ಮಜ್ಜಿಗೆಯವಳು, “ನಮ್ಮ ದೇಮವ್ವ ಅಂದರೆ ಏನಂದುಕೊಂಡಿದ್ದೀರಿ?” ಎಂದು ಎದೆ ತಟ್ಟಿಕೊಂಡಳು. ದೇಮವ್ವನಿಗೆ ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚಿನದೇನೂ ಅನ್ನಿಸಲಿಲ್ಲ. ಎರಡೂ ಬಂದದ್ದು ಒಂದೇ ಬಾಯಿಂದ.

ಮೂರನೆಯ ಸುತ್ತು ಬಂತು. ಬಯಲಿನಲ್ಲಿ ಕೆಮ್ಮುವವರೂ ಇಲ್ಲ. ಬೊಪ್ಪಣ್ಣ ಮೊದಲೇ ರಾಜಧಾನಿಯ ಸುತ್ತ ಬೆಳಕಿನ ಗೋಡೆ ಎಬ್ಬಿಸಿದ. ಅದು ಹಿಡಿಮಂತ್ರ. ಹುಬ್ಬು ಗಂಟಿಕ್ಕಿ ಅದನ್ನು ಹಿಡಿದು ಕೂತ. ಧೂಮ್ರಕೇಶ ಬೆಂಕಿಯ ಕೇಸರದ ಸಿಂಹವನ್ನು ಬಿಟ್ಟ. ಅದು ಹೊಡೆಮಂತ್ರ, ಬಿಟ್ಟ ಮೇಲೆ ಹಿಡಿದು ಕೂರಬೇಕಾಗಿರಲಿಲ್ಲ. ಸಿಂಹ ಗೋಡೆಗೆ ಹಾರಿದಾಗಲೆಲ್ಲ ಗೋಡೆ ತೆಳುವಾಗುತ್ತ ಬಂತು. ಇನ್ನು ತಡೆಯದೆಂದು ತಿಳಿದ ಬೊಪ್ಪಣ್ಣ ಹಿಮದ ಸರಪಳಿಯೊಂದನ್ನು ಕರೆದು ಸಿಂಹದ ಕೊರಳಿಗೆ ಎಸೆದ. ಅದೂ ಹಿಡಿಮಂತ್ರವೇ. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಸರಪಳಿ, ಎರಡನ್ನೂ ಹಿಡಿದು ಬೆವರು ಸುರಿಸುತ್ತ ಕೂತ ಬೊಪ್ಪಣ್ಣನನ್ನು ನೋಡಿ ಜನರಿಗೆ ಕಣ್ಣೀರು ಬಂತು. ಸಿಂಹ ಮಿಸುಕಲಿಲ್ಲ. ಆಟ ಗೆದ್ದ ಹಾಗೇ ಆಗಿತ್ತು.

ಆಗ ಧೂಮ್ರಕೇಶ ನಿಧಾನವಾಗಿ ಹೇಳಿದ: “ಕಟ್ಟಳೆ ಕೇಳ್ತೀನಿ.”

ಅವನು ಏನು ಕೇಳುತ್ತಾನೆಂದು ದೇಮವ್ವನಿಗೆ ಗೊತ್ತಾಯಿತು. ಅವಳ ಕಾಲದಲ್ಲಾಗಲಿ ಅವಳ ಅತ್ತೆಯ ಕಾಲದಲ್ಲಾಗಲಿ ಅದನ್ನು ಯಾರೂ ಕೇಳಿರಲಿಲ್ಲ. ಯಾಕೆಂದರೆ ಮಾಂತ್ರಿಕರೆಲ್ಲ ಅದೇ ತಪ್ಪು ಮಾಡುತ್ತಿದ್ದರು. ತಾನೂ ಎರಡು ಹಿಡಿಯುವವನು ಎದುರಾಳಿ ಎರಡು ಹಿಡಿದನೆಂದು ಹೇಗೆ ದೂರುತ್ತಾನೆ?

“ಬೊಪ್ಪಣ್ಣ, ಅವರ ವಾದ ನೀನು ಹೇಳು,” ಎಂದಳು.

ಬೊಪ್ಪಣ್ಣನ ದನಿ ಇಳಿದುಹೋಯಿತು. “ಹಿಡಿಮಂತ್ರಕ್ಕೆ ಪೂರ್ತಿ ಮನಸ್ಸು ಕೊಡಬೇಕು ಅಂತ ಕಡತದಲ್ಲಿದೆ. ನಾನು ಎರಡು ಹಿಡಿದಿದ್ದೀನಿ. ಎರಡಕ್ಕೂ... ಎರಡಕ್ಕೂ ಪೂರ್ತಿ ಮನಸ್ಸು ಕೊಟ್ಟಿಲ್ಲ ಅಂತ ಅವರ ವಾದ.”

“ಹೌದು, ನನ್ನ ಮಾತು ಅದೇ,” ಎಂದ ಧೂಮ್ರಕೇಶ.

“ಈಗ ನೀವು ಬೊಪ್ಪಣ್ಣನ ವಾದ ಹೇಳಿ.”

“ಅದಕ್ಕೇನು! ಮುತ್ತಾತನ ಕಾಲದಿಂದ ಎಲ್ಲರೂ ಎರಡೆರಡು ಹಿಡೀತಾ ಬಂದಿದ್ದಾರೆ, ಯಾರೂ ಕೇಳಿಲ್ಲ, ಈಗೇಕೆ ಕೇಳ್ತೀಯ ಅಂತ.”

“ನನ್ನ ಮಾತು ಅದೇ,” ಎಂದ ಬೊಪ್ಪಣ್ಣ, ನೆಲ ನೋಡುತ್ತ.

ದೇಮವ್ವ ತಲೆಯೆತ್ತಿದಳು. ರಾಜ ಬಾಯಿ ತೆರೆಯುವಂತಿರಲಿಲ್ಲ, ಆದರೆ ಎರಡೂ ಕೈ ಮುಗಿದು ನಿಂತಿದ್ದ. ಹೊಳೆಯಾಚೆ ಕೆಂದಾವರೆಯ ಬೂದುಬಣ್ಣದ ಮನೆಗಳು ಕಾಣುತ್ತಿದ್ದವು. ‘ತಲೆತಲಾಂತರದಿಂದ ನಡೆದುಬಂದದ್ದು ಸರಿ’ ಎಂದು ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಮಂತ್ರ ಅದನ್ನೂ ಕೇಳುತ್ತಿತ್ತು. ಸಂಗಯ್ಯ ಎದ್ದು ಬರುತ್ತಿದ್ದ. ಅವನ ದನಿ ಹೇಗಿತ್ತೆಂಬುದು ಅವಳಿಗೆ ಮರೆಯುತ್ತ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ತಿರುಗಿ ಅತ್ತೆಯ ಮುಖ ನೋಡಿದಳು. ಆ ಕಲ್ಲು ಅತ್ತೆಯ ಒಬ್ಬನೇ ಮಗ.

ಆಟದ ಬಯಲಿನಲ್ಲಿ ಆ ಚಾಪೆಯಿಂದ ಎಂದೂ ಬಾಯಿ ಬಿಡದ ಸಾಂತಜ್ಜಿ ಅಂದು ಬಾಯಿ ಬಿಟ್ಟಳು. “ನನ್ನ ಮುಖದಲ್ಲಿ ಏನಿದೆಯೇ? ಕಡತ ನೋಡು.”

ದೇಮವ್ವ ಎದ್ದು ನಿಂತಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಬಯಲಿನ ಕೊನೆಗೂ ಕೇಳಿಸಿತು. “ಪೂರ್ತಿ ಮನಸ್ಸು ಅಂತ ಬರೆದವರು ಪೂರ್ತಿ ಮನಸ್ಸನ್ನೇ ಕೇಳಿದ್ದಾರೆ. ಒಬ್ಬ ಮನುಷ್ಯನಿಗೆ ಇರೋದು ಒಂದೇ ಮನಸ್ಸು. ಒಬ್ಬ ಮಾಂತ್ರಿಕನಿಗೆ ಒಂದು ಹೊತ್ತಿಗೆ ಒಂದೇ ಹಿಡಿಮಂತ್ರ. ಎರಡನೆಯದಕ್ಕೆ ಬಾಯಿ ತೆಗೆದ ಗಳಿಗೆ ಮೊದಲನೆಯದು ಬಿದ್ದುಹೋಗತ್ತೆ. ಎಲ್ಲರೂ ಮಾಡ್ತಿದ್ದರು ಅಂದರೆ ಎಲ್ಲರೂ ತಪ್ಪು ಮಾಡ್ತಿದ್ದರು. ಇನ್ನು ಮೇಲೆ ಎಲ್ಲರಿಗೂ ಇದೇ ಕಟ್ಟಳೆ.”

ಬೆಳಕಿನ ಗೋಡೆ ಬಿದ್ದುಹೋಯಿತು. ರಾಜಧಾನಿ ಬಟಾಬಯಲಾಯಿತು. ಸಿಂಹಕ್ಕೆ ಅಡ್ಡವಾಗಿ ಹಿಮದ ಸರಪಳಿಯೊಂದೇ ಉಳಿಯಿತು, ಅದೂ ಬೆಂಕಿಯ ಕೇಸರಕ್ಕೆ ಕರಗತೊಡಗಿತು. ಜನ ಮಕ್ಕಳನ್ನು ಎತ್ತಿಕೊಂಡರು. ಯಾರೂ ದೇಮವ್ವನನ್ನು ಬೈಯಲಿಲ್ಲ, ಬೈಯಲು ಉಸಿರಿರಲಿಲ್ಲ.

ಧೂಮ್ರಕೇಶ ಎದ್ದು ಕುಣಿದ. “ಹೇಳಿರಲಿಲ್ಲವಾ? ಜಂಬ! ಜಂಬ!” ಸುತ್ತು ಮುಗಿಯುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಸುತ್ತಿಗೆ ಒಂದೇ ಆಪತ್ತು, ಸಿಂಹ ಹೋದರೆ ಹೋಗಲಿ ಎಂದು ಅದನ್ನು ಅಳಿಸಿ, ಬೆಳಿಗ್ಗೆ ಕಲಿತು ಬಂದಿದ್ದ ಕಲ್ಲಿನ ಮಂತ್ರಕ್ಕೇ ಕೈ ಹಾಕಿದ. ಬೆಣಚುಕಲ್ಲು ಹಿಡಿದು, ಮುದ್ರೆ ಕಟ್ಟಿ, ರಾಜಧಾನಿಯ ಕಡೆ ತಿರುಗಿ ಬಾಯಿ ತೆಗೆದ.

ಅವನು ಬಾಯಿ ತೆಗೆದ ಗಳಿಗೆಗೆ ಹಾಸುಗಲ್ಲಿನ ಮೇಲೆ ಕೆಂದಾವರೆಯ ಬೂದುಬಣ್ಣ ಹೋಯಿತು. ಮನೆಗಳು ಕೆಂಪಾದವು. ಕಡಲೆಕಾಳಿನಷ್ಟು ಜನ ಅಲ್ಲಾಡಿದರು. ಹೊಳೆಯಾಚೆಯಿಂದ ಒಂದು ಕೋಳಿ ಕೂಗಿತು, ಒಂದು ಮಗು ಅತ್ತಿತು.

ಕಲ್ಲಿನ ಮಂತ್ರ ಹೊಡೆಮಂತ್ರವಾಗಿರಲಿಲ್ಲ. ಹನ್ನೆರಡು ವರ್ಷದಿಂದ ಅವನು ಅದನ್ನು ಮನಸ್ಸಿನಲ್ಲಿ ಹಿಡಿದೇ ಇದ್ದ. ಹಿಡಿದು ಹಿಡಿದು, ತಾನು ಹಿಡಿದಿದ್ದೇನೆಂಬುದೇ ಅವನಿಗೆ ಮರೆತುಹೋಗಿತ್ತು. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕುವವರನ್ನು ನೀವು ನೋಡಿರಬೇಕು.

ಅವನು ಗಾಬರಿಯಾಗಿ ಹಿಂದಕ್ಕೆ ತಿರುಗಿದ. ನಾಲಿಗೆಯ ಮೇಲಿದ್ದ ಮಂತ್ರ ಅರ್ಧಕ್ಕೇ ನಿಂತಿತು. ಅರ್ಧ ಆಡಿದರೂ ಆಡಿದಂತೆಯೇ, ಅದೂ ನೆನಪಿನಿಂದ ಹೋಯಿತು. ಹಳೆಯದೂ ಇಲ್ಲ, ಹೊಸದೂ ಇಲ್ಲ.

“ಕಟ್ಟಳೆ ಕೇಳ್ತೀನಿ!” ಎಂದು ಅರಚಿದ. “ಅದು ಹಿಡಿಮಂತ್ರ ಅಲ್ಲ! ಅಷ್ಟು ಹಳೆಯದು, ಕೂತುಹೋದದ್ದು!”

“ಕೂತುಹೋಗಿದ್ದರೆ ಬೀಳ್ತಿರಲಿಲ್ಲ,” ಎಂದಳು ದೇಮವ್ವ. “ಈ ಸುತ್ತಿನಲ್ಲಿ ನಿಮ್ಮ ಆಪತ್ತು ಒಂದೂ ಉಳೀಲಿಲ್ಲ. ಎರಡು ಸುತ್ತು ಬೊಪ್ಪಣ್ಣನದು. ಆಟ ಮುಗೀತು.”

ಧೂಮ್ರಕೇಶನಿಗೆ ಇನ್ನೂ ಏನೋ ಹೇಳಬೇಕೆಂದಿತ್ತು. ಆದರೆ ಮಂತ್ರ ಹಿಡಿದ ಅವನ ಮನಸ್ಸಿಗೆ ಹನ್ನೆರಡು ವರ್ಷ ನಿದ್ದೆ ಹತ್ತಿರಲಿಲ್ಲ. ಆ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವನ ಮೇಲೆ ಬಿತ್ತು. ಹಾಸಿನ ಅಂಚಿಗೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ತಲೆಯ ಹೊಗೆ ಆರಿ, ಕೆಳಗೆ ಬೋಳುತಲೆ ಕಂಡಿತು. ಎಷ್ಟೋ ವರ್ಷದ ಮೇಲೆ ಅವನು ಎದ್ದಾಗ ಒಂದು ಮಂತ್ರವೂ ನೆನಪಿರಲಿಲ್ಲ, ಹಸಿವೊಂದೇ ಇತ್ತು. ಕೆಂದಾವರೆಯವರು ಅವನಿಗೆ ಮಣೆ ಹಾಕಿ ಊಟ ಬಡಿಸಿದರು. ಒಳ್ಳೆಯ ಜನ.

ಅದು ಆಮೇಲಿನ ಮಾತು. ಅಂದು ರಾಜ ಚೆಲುವರಾಯ ಓಡಿಬಂದು ಎಲ್ಲರ ಮುಂದೆ ತನ್ನ ಶಾಲನ್ನು ದೇಮವ್ವನಿಗೆ ಹೊದಿಸಿದ. “ಎಂಥ ಜಾಣತನ ದೇಮವ್ವ! ಅವನ ಗುಟ್ಟು ತಿಳಿದೇ ಆ ತೀರ್ಪು ಕೊಟ್ಟೆ ಅಲ್ಲವಾ? ಅವನ ಬಲೆಗೆ ಅವನನ್ನೇ ಕೆಡವಿದೆ!” ಜನ ಹೋ ಎಂದರು.

ದೇಮವ್ವ ಶಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಇಲ್ಲ ಪ್ರಭು. ನನಗೆ ಏನೂ ಗೊತ್ತಿರಲಿಲ್ಲ. ನಾವು ಸೋತೆವು ಅಂತಲೇ ಅಂದುಕೊಂಡಿದ್ದೆ. ಯಾರಿಗೆ ಲಾಭ ಅಂತ ಲೆಕ್ಕ ಹಾಕಿ ಹೇಳಿದ್ದರೆ ಅದು ತೀರ್ಪು ಆಗ್ತಿರಲಿಲ್ಲ, ಅದೂ ಒಂದು ಆಟ ಆಗ್ತಿತ್ತು. ಶಾಲು ಕೊಡೋದಾದರೆ ಸರಿಯಾಗಿ ಓದಿದಳು ಅಂತ ಕೊಡಿ. ಜಾಣೆ ಅಂತ ಕೊಟ್ಟರೆ ನನಗೆ ಬೇಡ.”

ರಾಜ ಅವಳ ಕೈಯಿಂದ ಶಾಲು ತೆಗೆದುಕೊಂಡ. ಆಮೇಲೆ, “ಸರಿಯಾಗಿ ಓದಿದ್ದಕ್ಕೆ,” ಎಂದು ಮತ್ತೆ ಹೊದಿಸಿದ. ಈ ಸಲ ಅವಳು ತೆಗೆಯಲಿಲ್ಲ. ಹಿಂದೆ ಚಾಪೆಯ ಮೇಲೆ ಸಾಂತಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಕಲಿಸಿದವಳು ನಾನು,” ಎಂದು ಪಕ್ಕದವಳಿಗೆ ಹೇಳಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಹೊಳೆ ದಾಟಿ ಜನ ಬರತೊಡಗಿದರು. ಅವರಲ್ಲಿ ಮೂವತ್ತು ವರ್ಷದ ಒಬ್ಬ ಬಳೆಗಾರನಿದ್ದ. ಕಲ್ಲಾದವರಿಗೆ ವಯಸ್ಸಾಗುವುದಿಲ್ಲ. ಅವನು ನೇರವಾಗಿ ದೇಮವ್ವನ ಮುಂದೆ ಬಂದು ನಿಂತು ಕಣ್ಣರಳಿಸಿದ.

“ಏನೇ ಇದು! ಬೆಳಿಗ್ಗೆ ಹೋಗುವಾಗ ಕಪ್ಪಗಿತ್ತು ಕೂದಲು. ನಾನು ಬರೋದು ಅಷ್ಟು ತಡವಾಯ್ತಾ?”

ಆ ದನಿ. ದೇಮವ್ವ ಬಯಲೆಂದು ನೋಡದೆ, ರಾಜನೆಂದು ನೋಡದೆ, ಅವನ ಎದೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅಂದು ಸಂಜೆ ಜಗಲಿಯಲ್ಲಿ ಕೂತು ಅವಳು ನಡೆದದ್ದನ್ನೆಲ್ಲ ಹೇಳಿದಳು. ಸಂಗಯ್ಯ ಎಲ್ಲವನ್ನೂ ಕೇಳಿಸಿಕೊಂಡು ಅವಳ ಕಡೆ ತಿರುಗಿದ.

“ಒಂದು ವೇಳೆ ಅವನು ಆ ಮಂತ್ರಕ್ಕೆ ಬಾಯಿ ತೆಗೀದೇ ಇದ್ದಿದ್ದರೆ?”

“ಸೋಲ್ತಿದ್ದೆವು.”

“ನಾನು ಕಲ್ಲಾಗೇ ಇರ್ತಿದ್ದೆ.”

“ಇರ್ತಿದ್ದೆ,” ಎಂದಳು ದೇಮವ್ವ. ಅವನ ಕಣ್ಣು ತಪ್ಪಿಸಲಿಲ್ಲ.

ಸಂಗಯ್ಯ ಬೆಳಗಾದ ಕೂಡಲೇ ಮಲಾರ ಹೊತ್ತು ಹೊರಟ. ಅಂದಿನಿಂದ ಅವನು ಊರೂರು ಸುತ್ತಿದ. ಹೋದ ಹೋದ ಮನೆಯ ಜಗಲಿಯಲ್ಲಿ ಕೂತು ಹೆಂಗಸರ ಕೈಗೆ ಬಳೆ ಏರಿಸುವಾಗಲೆಲ್ಲ ಒಂದೇ ಕತೆ ಹೇಳುತ್ತಿದ್ದ. ಅವರು ಬೇಡವೆಂದರೂ ಬಿಡುತ್ತಿರಲಿಲ್ಲ. ಎದೆ ಸೆಟೆಸಿ, ಮೀಸೆಯ ಮೇಲೆ ಕೈಯಾಡಿಸಿ ಹೇಳುತ್ತಿದ್ದ:

“ನನ್ನ ಹೆಂಡತಿ ಎಂಥವಳು ಗೊತ್ತಾ ನಿಮಗೆ? ಒಂದು ಸೊಟ್ಟ ಮಾತು ಆಡಿದ್ದರೆ ನಾನು ಎದ್ದು ಬರ್ತಿದ್ದೆ. ಆಡಲಿಲ್ಲ! ನನ್ನನ್ನ ಕಲ್ಲಾಗೇ ಇರು ಅಂತ ಬಿಟ್ಟಳು!”

ಹೀಗೆ ಮಣಿಕಲ್ಲಿನವರೂ ಕೆಂದಾವರೆಯವರೂ ಚೆನ್ನಾಗಿ ಬಾಳಿದರು. ಮಾಂತ್ರಿಕರು ಒಂದು ಹೊತ್ತಿಗೆ ಒಂದನ್ನೇ ಹಿಡಿದು ಬಾಳಿದರು. ಸಂಗಯ್ಯನ ಆ ಮಾತು ಕೇಳಿದ ಹೆಂಗಸರು ಬಳೆ ತೊಟ್ಟ ಕೈಯನ್ನು ಒಮ್ಮೆ ನೋಡಿಕೊಂಡು, ಒಳಗೆ ಹೋಗಿ ತಮ್ಮ ಸೊಸೆಯಂದಿರಿಗೆ ಅದನ್ನೇ ಹೇಳಿದರು.